ಬೀಪ್ ಎಂದಿತು, ಬಂದದ್ದು ಯಾವ ಕಣ?

ಜಿ.ಎಂ. ಕೌಂಟರ್, ಅಂದರೆ ವಿಕಿರಣದ ಕಣಗಳನ್ನು ಎಣಿಸುವ ಗೈಗರ್-ಮ್ಯುಲರ್ ಕೌಂಟರ್, ಒಂದೇ ಮಾತು ಕಲಿತ ಯಂತ್ರ. ಆಲ್ಫಾ ಬಂದರೂ ಬೀಪ್, ಬೀಟಾ ಬಂದರೂ ಬೀಪ್, ಆಕಾಶದಿಂದ ಮ್ಯೂಯಾನ್ ಇಳಿದರೂ ಅದೇ ಬೀಪ್. ಆಲ್ಫಾ ಎಂದರೆ ಹೀಲಿಯಂನ ನ್ಯೂಕ್ಲಿಯಸ್, ಬೀಟಾ ಎಂದರೆ ವೇಗದ ಎಲೆಕ್ಟ್ರಾನ್, ಮ್ಯೂಯಾನ್ ಎಂದರೆ ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟುವ, ಎಲೆಕ್ಟ್ರಾನ್‌ನ ಭಾರದ ನೆಂಟ. ನಳಿಗೆಯೊಳಗಿನ ಅನಿಲದಲ್ಲಿ ಒಂದೇ ಒಂದು ಅಯಾನು ಜೋಡಿ (ಪರಮಾಣುವಿನಿಂದ ಕಿತ್ತುಬಂದ ಎಲೆಕ್ಟ್ರಾನ್ ಮತ್ತು ಹಿಂದುಳಿದ ಧನ ಅಯಾನು) ಹುಟ್ಟಿದರೆ ಸಾಕು, ನಡುವಿನ ತಂತಿಯ ನೂರಾರು ವೋಲ್ಟ್‌ಗಳ ಸೆಳೆತಕ್ಕೆ ಸಿಕ್ಕಿ ಅದು ಕೋಟ್ಯಂತರ ಅಯಾನುಗಳಾಗಿ ಬೆಳೆದುಬಿಡುತ್ತದೆ. ಕೊನೆಗೆ ಹೊರಬರುವ ಪಲ್ಸ್‌ನ ಎತ್ತರ ಸದಾ ಒಂದೇ ಆಗಿರುವುದರಿಂದ, ಒಳಗೆ ಬಂದದ್ದು ಎಂಥ ಕಣ ಎಂಬ ಸುಳಿವು ಅದರಲ್ಲಿ ಉಳಿಯುವುದಿಲ್ಲ.

ಹೀಗಾಗಿ ಕಣವನ್ನು ಪತ್ತೆ ಮಾಡುವುದು ಒಂದು ಕೆಲಸ, ಗುರುತಿಸುವುದು ಇನ್ನೊಂದು. ನಮ್ಮ ಕಾಲೇಜುಗಳಲ್ಲಿ ಮೊದಲನೆಯದನ್ನು ಮಾಡಿ, ಪ್ಲಾಟೊ (ವೋಲ್ಟೇಜ್ ಏರಿಸಿದರೂ ಎಣಿಕೆ ಹೆಚ್ಚೂಕಡಿಮೆ ಬದಲಾಗದ ಭಾಗ) ತೋರಿಸುವ ಗ್ರಾಫ್ ಎಳೆದು, ಜರ್ನಲ್‌ಗೆ ಸಹಿ ಹಾಕಿಸಿಕೊಂಡು ಎದ್ದುಹೋಗುವ ರೂಢಿಯಿದೆ. ಸ್ವಾರಸ್ಯವಿರುವುದು ಎರಡನೆಯದರಲ್ಲಿ. ಕಣ ತನ್ನ ಹೆಸರು ಹೇಳುವುದಿಲ್ಲ, ನಾವೇ ಅದರ ದಾರಿಗೆ ಏನನ್ನಾದರೂ ಅಡ್ಡ ಇಟ್ಟು ಕೇಳಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮತ್ತು ಅವರ ಮೇಷ್ಟ್ರುಗಳಿಗೆ ಈ ಕೇಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ವಿಕಿರಣ ಆಕರಗಳನ್ನು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಅದರ ಗೊಡವೆಯೇ ಬೇಡವೆಂದು ಗೊಬ್ಬರದ ಅಂಗಡಿ, ಮುಚ್ಚಿದ ಕೋಣೆಯ ಗಾಳಿ ಮತ್ತು ಆಕಾಶ, ಇವುಗಳಿಂದಲೇ ಕೆಲಸ ಮುಗಿಸೋಣ.

ಮೊದಲು ಖಾಲಿ ಎಣಿಕೆ

ನಿಮ್ಮಲ್ಲಿರುವ ನಳಿಗೆ ಯಾವುದೆಂದು ನೋಡಿಕೊಳ್ಳಿ. ತುದಿಯಲ್ಲಿ ತೆಳುವಾದ ಅಭ್ರಕದ ಕಿಟಕಿ ಇರುವ ನಳಿಗೆಯಾದರೆ ಆಲ್ಫಾ ಕೂಡ ಒಳಗೆ ಬರುತ್ತದೆ. ಆ ಕಿಟಕಿಯನ್ನು ಬೆರಳಿನಿಂದ ಮುಟ್ಟಬೇಡಿ, ಒಡೆದರೆ ನಳಿಗೆ ಮುಗಿಯಿತು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಿಟ್‌ಗಳಲ್ಲಿ ಗಾಜಿನ ಅಥವಾ ಉಕ್ಕಿನ ಗೋಡೆಯ ನಳಿಗೆ ಇರುತ್ತದೆ. ಅದಕ್ಕೆ ಬೀಟಾ, ಗಾಮಾ (ಬೆಳಕಿನಂಥದೇ, ಆದರೆ ಬಹಳ ಹೆಚ್ಚು ಶಕ್ತಿಯ ಕಿರಣ), ಮ್ಯೂಯಾನ್ ಸಿಗುತ್ತವೆ, ಆಲ್ಫಾ ಸಿಗುವುದಿಲ್ಲ. ಗಾಮಾ ವಿಷಯದಲ್ಲಿ ಎರಡೂ ಸೋಮಾರಿಗಳೇ. ಹಾದುಹೋಗುವ ನೂರು ಗಾಮಾಗಳಲ್ಲಿ ಒಂದರ ಆಸುಪಾಸು ಮಾತ್ರ ಎಣಿಕೆಗೆ ಬರುತ್ತದೆ.

ಪ್ಲಾಟೊದ ನಡುವಿನ ವೋಲ್ಟೇಜ್‌ನಲ್ಲಿ ಕೌಂಟರ್ ಇಟ್ಟು, ಹತ್ತಿರ ಏನನ್ನೂ ಇಡದೆ ಹತ್ತು ನಿಮಿಷ ಎಣಿಸಿ. ಇದು ಹಿನ್ನೆಲೆ ವಿಕಿರಣ. ಮಣ್ಣು, ಗೋಡೆ, ಆಕಾಶ, ಎಲ್ಲದರ ಪಾಲೂ ಇದರಲ್ಲಿದೆ. ಇಳಕಲ್ಲಿನಲ್ಲಿ ಗುಲಾಬಿ ಗ್ರಾನೈಟ್ ಹಾಸಿದ ಮನೆಯಲ್ಲಿ ಎಣಿಸುವವರಿಗೂ ವಿಜಯಪುರದ ಕರಿಕಲ್ಲಿನ ಮೇಲೆ ಎಣಿಸುವವರಿಗೂ ವ್ಯತ್ಯಾಸ ಬರಬಹುದು. ಗ್ರಾನೈಟ್‌ನಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸಾಮಾನ್ಯವಾಗಿ ಬಸಾಲ್ಟ್‌ಗಿಂತ ಹೆಚ್ಚು. ಆದ್ದರಿಂದ ಬೇರೆಯವರ ಹಿನ್ನೆಲೆ ಸಂಖ್ಯೆಯನ್ನು ಎರವಲು ತರಬೇಡಿ. ನಿಮ್ಮ ಮೇಜಿನ ಮೇಲೆ, ಅದೇ ದಿನ, ನೀವೇ ಎಣಿಸಿ.

ವಿದ್ಯಾರ್ಥಿಗಳು ಅವಸರಪಡುವುದು ಇಲ್ಲಿಯೇ, ಅದಕ್ಕಾಗಿ ಸ್ವಲ್ಪ ನಿಲ್ಲುತ್ತೇನೆ. ಎಣಿಕೆಯ ಅನಿಶ್ಚಿತತೆ ಎಂದರೆ ಆ ಎಣಿಕೆಯ ವರ್ಗಮೂಲ. ಖಾಲಿ ಇದ್ದಾಗ ಹತ್ತು ನಿಮಿಷಕ್ಕೆ 200, ಏನೋ ಒಂದು ವಸ್ತು ಇಟ್ಟಾಗ 230 ಬಂದಿತೆನ್ನಿ. ವ್ಯತ್ಯಾಸ 30, ಆ ವ್ಯತ್ಯಾಸದ ಅನಿಶ್ಚಿತತೆ 430ರ ವರ್ಗಮೂಲ, ಅಂದರೆ ಸುಮಾರು 21. ನೀವು ಕಂಡದ್ದು ಏನೂ ಅಲ್ಲದಿರಬಹುದು. ಅದೇ 260 ಬಂದಿದ್ದರೆ ವ್ಯತ್ಯಾಸ 60, ಅನಿಶ್ಚಿತತೆ ಆಗಲೂ 21ರ ಸುತ್ತಮುತ್ತಲೇ. ಈಗ ಮಾತನಾಡಬಹುದು, ಆದರೆ ಇನ್ನೂ ಮೆಲ್ಲಗೆ. ವ್ಯತ್ಯಾಸವು ಅನಿಶ್ಚಿತತೆಯ ಮೂರು ಪಟ್ಟು ದಾಟುವವರೆಗೆ ಎಣಿಸುತ್ತಲೇ ಇರಿ. ದುಬಾರಿ ಉಪಕರಣಕ್ಕಿಂತ ಒಂದು ರಾತ್ರಿ ಪೂರ್ತಿ ಎಣಿಸುವ ತಾಳ್ಮೆಯೇ ಮೇಲು.

ಗೊಬ್ಬರದ ಅಂಗಡಿಯಿಂದ ಬೀಟಾ

ಕಬ್ಬಿನ ಊರುಗಳಲ್ಲಿ ಪೊಟ್ಯಾಷ್ ಸಿಗದ ಗೊಬ್ಬರದ ಅಂಗಡಿ ಇಲ್ಲ. ಎಂ.ಒ.ಪಿ. (ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್) ಎಂದು ಕೇಳಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಕ್ಲೋರೈಡ್ ಬೇಡವೆಂದು 0:0:50 ಎಂಬ ಬಿಳಿ ಪೊಟ್ಯಾಷ್ ಬಳಸುತ್ತಾರೆ, ಅದೂ ನಡೆಯುತ್ತದೆ. ನಿಸರ್ಗದ ಪೊಟ್ಯಾಸಿಯಂನಲ್ಲಿ 0.0117 ಶೇಕಡಾ ವಿಕಿರಣಶೀಲ ಪೊಟ್ಯಾಸಿಯಂ-40 ಇರುತ್ತದೆ. ಇದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲ, ಸುಮಾರು 125 ಕೋಟಿ ವರ್ಷ. ಎಂ.ಒ.ಪಿ.ಯ ಒಂದು ಗ್ರಾಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಒಡೆಯುತ್ತವೆ. ಹತ್ತರಲ್ಲಿ ಒಂಬತ್ತರಷ್ಟು ಬೀಟಾ ಹೊರಹಾಕುತ್ತವೆ, ಉಳಿದವುಗಳಲ್ಲಿ ಬಹುಪಾಲು ಗಾಮಾ.

ಚೀಲಗಟ್ಟಲೆ ರಾಶಿ ಹಾಕಿ ಲಾಭವಿಲ್ಲ. ಬೀಟಾ ಹೊರಬರುವುದು ಮೇಲಿನ ಅರ್ಧ ಸೆಂಟಿಮೀಟರ್ ಪದರಿನಿಂದ ಮಾತ್ರ, ಕೆಳಗಿನದನ್ನು ಪೊಟ್ಯಾಷೇ ನುಂಗುತ್ತದೆ. ಒಂದು ತಟ್ಟೆಯಲ್ಲಿ ಹರಡಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಳಿಗೆಯನ್ನು ಒಂದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಿರಿ. ಎಣಿಕೆ ಏರುತ್ತದೆ. ಈಗ ಪ್ರಶ್ನೆ: ಏರಿಸಿದ್ದು ಯಾವುದು?

ಮೊದಲು ನಡುವೆ ಒಂದು ಬರೆಯುವ ಕಾಗದ ಇಡಿ. ಎಣಿಕೆ ಬಹುತೇಕ ಹಾಗೆಯೇ ಉಳಿದರೆ ಅದು ಆಲ್ಫಾ ಅಲ್ಲ. ಆಮೇಲೆ ಅರ್ಧ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ. ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಉಳಿದ ತುಂಡುಗಳನ್ನೇ ಕೇಳಿದರೆ ಸಾಕು. ಪೊಟ್ಯಾಸಿಯಂ-40ರ ಬೀಟಾದ ಗರಿಷ್ಠ ಶಕ್ತಿ 1.31 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಮುಂದೆ ಇದನ್ನು ಎಂ.ಇ.ವಿ. ಎನ್ನುತ್ತೇನೆ. ಇಷ್ಟು ಶಕ್ತಿಯ ಬೀಟಾ ಅಲ್ಯೂಮಿನಿಯಂನಲ್ಲಿ 2 ಮಿಲಿಮೀಟರ್‌ಗಿಂತ ತುಸು ಹೆಚ್ಚು ದೂರ ಹೋಗಬಲ್ಲದು. ಅಂದರೆ ಐದನೆಯ ತಗಡಿನ ಹೊತ್ತಿಗೆ ಇಳಿಕೆ ನಿಲ್ಲಬೇಕು. ಆಮೇಲೂ ಹಿನ್ನೆಲೆಗಿಂತ ಕೊಂಚ ಮೇಲೆ ಉಳಿಯುವ ಎಣಿಕೆ ಗಾಮಾದ್ದು. ಎಣಿಕೆ ಎಲ್ಲಿ ಇಳಿಯುವುದನ್ನು ನಿಲ್ಲಿಸಿತು ಎಂಬ ದಪ್ಪದಿಂದ ಬೀಟಾದ ಗರಿಷ್ಠ ಶಕ್ತಿಯನ್ನು ನೀವೇ ಅಂದಾಜು ಮಾಡಬಹುದು. ಬೀಪ್ ಹೇಳದೆ ಉಳಿಸಿದ್ದನ್ನು ತಗಡು ಹೇಳಿತು.

ಬಲೂನಿಗೆ ಅಂಟಿದ ಆಲ್ಫಾ

ಮಣ್ಣಿನಿಂದ ಮೇಲೇಳುವ ವಿಕಿರಣಶೀಲ ರೇಡಾನ್ ಅನಿಲ ಮುಚ್ಚಿದ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ. ಅದು ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳ ಪರಮಾಣುಗಳಲ್ಲಿ ಬಹಳಷ್ಟು ಧನ ವಿದ್ಯುದಂಶ ಹೊತ್ತಿರುತ್ತವೆ. ರಾತ್ರಿಯಿಡೀ ಕಿಟಕಿ ಮುಚ್ಚಿದ ನೆಲಮಹಡಿಯ ಕೋಣೆಯಲ್ಲಿ ರಬ್ಬರ್ ಬಲೂನ್ ಊದಿ, ಕಂಬಳಿಯಿಂದ ಚೆನ್ನಾಗಿ ಉಜ್ಜಿ, ದಾರಕ್ಕೆ ಕಟ್ಟಿ ಅರ್ಧದಿಂದ ಮುಕ್ಕಾಲು ಗಂಟೆ ತೂಗಬಿಡಿ. ಬಲೂನಿನ ಮೇಲಿನ ಋಣ ವಿದ್ಯುದಂಶ ಆ ಪರಮಾಣುಗಳನ್ನು ಎಳೆದುಕೊಳ್ಳುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಈ ಪ್ರಯೋಗ ಕೈಕೊಡುತ್ತದೆ, ತೇವದ ಗಾಳಿಯಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ. ವಿಜಯಪುರದ ಒಣ ಚಳಿಗಾಲ ಹೇಳಿ ಮಾಡಿಸಿದ ಕಾಲ.

ಗಾಳಿ ಬಿಟ್ಟು, ಕುಗ್ಗಿದ ಬಲೂನನ್ನು ಅಭ್ರಕದ ಕಿಟಕಿಯ ಮುಂದೆ ಒಂದು ಸೆಂಟಿಮೀಟರ್ ಒಳಗೆ ಇಡಿ. ಈಗ ಎರಡು ಪ್ರಶ್ನೆ ಕೇಳಬಹುದು. ಒಂದು, ಕಾಗದ. ನಡುವೆ ಎರಡು ಹಾಳೆ ಇಟ್ಟಾಗ ಎಣಿಕೆ ಥಟ್ಟನೆ ಕುಸಿದರೆ, ಕುಸಿದ ಪಾಲಿನಲ್ಲಿ ಹೆಚ್ಚಿನದು ಆಲ್ಫಾ. ಒಂದು ಹಾಳೆ ಸಾಲದೆ ಎನ್ನಬಹುದು. ಇಲ್ಲಿನ ಪೊಲೋನಿಯಂ-214ರ ಆಲ್ಫಾ 7.69 ಎಂ.ಇ.ವಿ. ಶಕ್ತಿಯದು, ಗಾಳಿಯಲ್ಲಿ ಸುಮಾರು 7 ಸೆಂಟಿಮೀಟರ್ ಓಡುವ ಗಟ್ಟಿಗ. ಒಂದೇ ತೆಳು ಹಾಳೆಯಾದರೆ ತೂರಿ ಬಂದೀತು. ಉಳಿಯುವ ಎಣಿಕೆ ಸೀಸ-214 ಮತ್ತು ಬಿಸ್ಮತ್-214ರ ಬೀಟಾದ್ದು.

ಎರಡು, ಸಮಯ. ಐದೈದು ನಿಮಿಷಕ್ಕೊಮ್ಮೆ ಎಣಿಕೆ ಬರೆದಿಡಿ. ಸೀಸ-214ರ ಅರ್ಧಾಯುಷ್ಯ ಸುಮಾರು 27 ನಿಮಿಷ, ಬಿಸ್ಮತ್-214ರದು ಸುಮಾರು 20. ಎರಡೂ ಸರಪಳಿಯಂತೆ ಹೆಣೆದುಕೊಂಡಿರುವುದರಿಂದ ಎಣಿಕೆ ಅರ್ಧಕ್ಕಿಳಿಯಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಬಹುದು. ಸಂಜೆಯ ಹೊತ್ತಿಗೆ ಬಲೂನ್ ಹಿನ್ನೆಲೆಗೆ ಮರಳಿರುತ್ತದೆ. ಪೊಟ್ಯಾಷ್ ಹಾಗೆ ಮರಳುವುದಿಲ್ಲ. ಕಣದ ತಂದೆ ಯಾರೆಂದು ಇಳಿಯುವ ವೇಗವೇ ಹೇಳುತ್ತದೆ.

ಕಣ್ಣಿಗೆ ಕಾಣಬೇಕೆಂದರೆ

ಕಣದ ಹಾದಿಯನ್ನೇ ಕಾಣಬೇಕೆಂದರೆ ಕ್ಲೌಡ್ ಚೇಂಬರ್ ಕಟ್ಟಬೇಕು, ಅಂದರೆ ಕಣ ಹಾದುಹೋದ ಗುಂಟ ಆವಿ ಹನಿಯಾಗಿ ಗೆರೆ ಮೂಡುವ ಪೆಟ್ಟಿಗೆ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1911ರಲ್ಲಿ ಮೊದಲ ಹಾದಿಗಳನ್ನು ಕಂಡದ್ದು ಗಾಳಿಯನ್ನು ಥಟ್ಟನೆ ಹಿಗ್ಗಿಸಿ. ನಮಗೆ ಸುಲಭವಾದದ್ದು ಸದಾ ಕೆಲಸ ಮಾಡುವ ಇನ್ನೊಂದು ಬಗೆ: ಮೇಲೆ ಬೆಚ್ಚಗಿನ ಆಲ್ಕೊಹಾಲ್ ಆವಿ, ಕೆಳಗೆ ಕೊರೆಯುವ ತಗಡು.

ಅಕ್ವೇರಿಯಂ ಅಂಗಡಿಯ ಚಿಕ್ಕ ಗಾಜಿನ ತೊಟ್ಟಿ ತನ್ನಿ. ತಳದ ಒಳಬದಿಗೆ ದಪ್ಪ ಫೆಲ್ಟ್ ಬಟ್ಟೆಯ ಪಟ್ಟಿಗಳನ್ನು ಬಿಗಿಯಾಗಿ ಕೂರಿಸಿ. ಅಂಟು ಬೇಡ, ಆಲ್ಕೊಹಾಲ್ ಅದನ್ನು ಕರಗಿಸುತ್ತದೆ. ಫೆಲ್ಟನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೋಯಿಸಿ. ಔಷಧ ಅಂಗಡಿಯ 70 ಶೇಕಡಾದ ದ್ರವದಲ್ಲಿ ನೀರು ಬೆರೆತಿರುವುದರಿಂದ ಅದು ನಡೆಯದು. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಬೋರ್ಡ್ ತೊಳೆಯಲು ಇಟ್ಟಿರುವ, 99 ಶೇಕಡಾ ಶುದ್ಧವಾದದ್ದನ್ನು ಕೇಳಿ. ತೊಟ್ಟಿಯನ್ನು ತಲೆಕೆಳಗು ಮಾಡಿ, ಮ್ಯಾಟ್ ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಫಲಕದ ಮೇಲೆ ಇಡಿ. ಅಂಚನ್ನು ಮೆತ್ತನೆಯ ರಬ್ಬರ್ ಪಟ್ಟಿಯಿಂದ ಮುಚ್ಚಿ. ಫಲಕದ ಅಡಿಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಬೇಕು, ಅದರ ತಾಪ ಸೊನ್ನೆಗಿಂತ 78.5 ಡಿಗ್ರಿ ಕೆಳಗೆ. ಅದು ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ತಂದದ್ದು ಥರ್ಮಾಕೋಲ್ ಪೆಟ್ಟಿಗೆಯಲ್ಲಿದ್ದರೂ ದಿನದಿನಕ್ಕೆ ಆವಿಯಾಗಿ ಸವೆಯುತ್ತದೆ, ಏಪ್ರಿಲ್‌ನ ವಿಜಯಪುರದಲ್ಲಂತೂ ಕೇಳಲೇಬೇಡಿ.

ಮೂರು ಎಚ್ಚರಿಕೆ, ಇವುಗಳಲ್ಲಿ ರಿಯಾಯಿತಿ ಇಲ್ಲ. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬಾರದು. ಅದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬಾರದು, ಸಿಡಿಯುತ್ತದೆ. ಆಲ್ಕೊಹಾಲ್ ಆವಿಯ ಹತ್ತಿರ ಬೆಂಕಿ, ಕಿಡಿ ಇರಬಾರದು. ಕಿಟಕಿ ತೆರೆದ ಕೋಣೆಯಲ್ಲಿ, ಎಲ್.ಇ.ಡಿ. ಟಾರ್ಚ್ ಬೆಳಕಿನಲ್ಲಿ ಕೆಲಸ ಮಾಡಿ.

ಹತ್ತು ಹದಿನೈದು ನಿಮಿಷ ಕಾಯಿರಿ. ಮೊದಲು ತುಂತುರು ಮಾತ್ರ ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ, ಫಲಕಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಫಲಕದ ಮೇಲಿನ ಸುಮಾರು ಒಂದು ಸೆಂಟಿಮೀಟರ್ ಪದರಿನಲ್ಲಿ ಆವಿ ಹನಿಯಾಗಲು ನೆಪ ಹುಡುಕುತ್ತಿರುತ್ತದೆ. ಕಣವೊಂದು ಹಾದುಹೋಗುತ್ತ ಬಿಟ್ಟ ಅಯಾನುಗಳೇ ಆ ನೆಪ. ಏನೂ ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಅಂಚಿನ ಗಾಳಿಸೋರಿಕೆಯಲ್ಲಿ ಅಥವಾ ನೀರು ಬೆರೆತ ಆಲ್ಕೊಹಾಲ್‌ನಲ್ಲಿ ಇರುತ್ತದೆ.

ಈಗ ಹಾದಿಗಳನ್ನು ಓದುವ ಕೆಲಸ. ದಪ್ಪ, ನೇರ, ಮೂರರಿಂದ ಐದು ಸೆಂಟಿಮೀಟರ್ ಉದ್ದದ ಗೆರೆ ಆಲ್ಫಾ. 5 ಎಂ.ಇ.ವಿ. ಆಲ್ಫಾ ತನ್ನ ಶಕ್ತಿಯನ್ನೆಲ್ಲ ಅಷ್ಟರಲ್ಲೇ ಸುರಿದು ಮುಗಿಸುತ್ತದೆ. ಒಂದು ಅಯಾನು ಜೋಡಿಗೆ 34 ಎಲೆಕ್ಟ್ರಾನ್ ವೋಲ್ಟ್ ಲೆಕ್ಕ ಹಿಡಿದರೆ ಸುಮಾರು ಒಂದೂವರೆ ಲಕ್ಷ ಜೋಡಿ, ಹಾಗಾಗಿ ಅಷ್ಟು ದಪ್ಪ. ಬಲೂನಿನ ತುಂಡೊಂದನ್ನು ಒಳಗಿಟ್ಟರೆ ಇಂಥ ಗೆರೆಗಳು ಅದರಿಂದಲೇ ಚಿಮ್ಮುವುದನ್ನು ನೋಡಬಹುದು. ತೆಳುವಾಗಿ, ಸೊಟ್ಟಸೊಟ್ಟಾಗಿ, ಕುಡಿದವನ ನಡಿಗೆಯಂತೆ ಅಲೆಯುವುದು ಕಡಿಮೆ ಶಕ್ತಿಯ ಎಲೆಕ್ಟ್ರಾನ್. ಹಗುರವಾದ ಅದನ್ನು ಗಾಳಿಯ ಪ್ರತಿ ಪರಮಾಣುವೂ ತಳ್ಳಾಡುತ್ತದೆ. ತೆಳುವಾಗಿದ್ದು, ನೇರವಾಗಿ ಚೇಂಬರ್‌ನ ಈ ಕಡೆಯಿಂದ ಆ ಕಡೆಗೆ ದಾಟಿಹೋಗುವುದು ಮ್ಯೂಯಾನ್ ಇರಬಹುದು.

ಇರಬಹುದು ಎಂದೆ. ಹೆಚ್ಚು ಶಕ್ತಿಯ ಬೀಟಾ ಕೂಡ ಕೆಲವು ಸೆಂಟಿಮೀಟರ್ ದೂರ ಹಾಗೆಯೇ ನೇರವಾಗಿ ಹೋಗುತ್ತದೆ. ಒಂದು ಫೋಟೊ ತೆಗೆದು ಕೆಳಗೆ ‘ಮ್ಯೂಯಾನ್’ ಎಂದು ಬರೆದು ವಿಜ್ಞಾನ ಮೇಳದಲ್ಲಿ ತೂಗುಹಾಕುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಗೆರೆಯ ದಪ್ಪ ಒಂದು ಸಾಕ್ಷಿ, ಅಷ್ಟೇ. ಇನ್ನೊಂದು ಸಾಕ್ಷಿ ಬೇಕು.

ಕಾಂತ ಇಟ್ಟರೆ? ಲೆಕ್ಕ ಹಾಕಿಯೇ ನಿರ್ಧರಿಸಿ. 0.1 ಟೆಸ್ಲಾ ಕಾಂತಕ್ಷೇತ್ರದಲ್ಲಿ 1 ಎಂ.ಇ.ವಿ. ಎಲೆಕ್ಟ್ರಾನ್ ಐದು ಸೆಂಟಿಮೀಟರ್‌ಗಿಂತ ತುಸು ಕಡಿಮೆ ತ್ರಿಜ್ಯದಲ್ಲಿ ಬಾಗುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. 5.5 ಎಂ.ಇ.ವಿ. ಆಲ್ಫಾದ ತ್ರಿಜ್ಯ 3 ಮೀಟರ್‌ಗೂ ಹೆಚ್ಚು, ನಾಲ್ಕು ಸೆಂಟಿಮೀಟರ್ ಗೆರೆಯಲ್ಲಿ ಆ ಬಾಗು ಗೊತ್ತೇ ಆಗದು. ನೆಲಕ್ಕಿಳಿಯುವ ಮ್ಯೂಯಾನ್‌ನ ಸರಾಸರಿ ಶಕ್ತಿ ಸುಮಾರು 4,000 ಎಂ.ಇ.ವಿ., ಅದಕ್ಕೆ ತ್ರಿಜ್ಯ ನೂರು ಮೀಟರ್ ದಾಟುತ್ತದೆ. ಅಂದರೆ ಫಲಕದ ಬಳಿ ಬಲವಾದ ನಿಯೋಡೈಮಿಯಂ ಕಾಂತ ಇಟ್ಟಾಗ ತೆಳು ಗೆರೆ ಬಾಗಿದರೆ ಅದು ಎಲೆಕ್ಟ್ರಾನ್, ನಿಮ್ಮ ಮ್ಯೂಯಾನ್‌ಗಳ ಪಟ್ಟಿಯಿಂದ ಹೊರಗೆ.

ಈ ಬಾಗಿನ ತರ್ಕವನ್ನು ಅತ್ಯಂತ ಚೆಂದವಾಗಿ ಬಳಸಿದವರು ಅಮೆರಿಕದ ಭೌತವಿಜ್ಞಾನಿ ಕಾರ್ಲ್ ಆಂಡರ್‌ಸನ್. 1932ರಲ್ಲಿ ಅವರು ಕ್ಲೌಡ್ ಚೇಂಬರ್‌ನ ನಡುವೆ 6 ಮಿಲಿಮೀಟರ್ ಸೀಸದ ಫಲಕ ಅಡ್ಡ ಇಟ್ಟರು. ಗೆರೆಯೊಂದು ಸೀಸದ ಕೆಳಗೆ ಕಡಿಮೆ, ಮೇಲೆ ಹೆಚ್ಚು ಬಾಗಿತ್ತು. ಶಕ್ತಿ ಕಳೆದುಕೊಂಡ ಕಡೆಯಲ್ಲೇ ಬಾಗು ಹೆಚ್ಚಾಗಬೇಕು, ಹಾಗಾಗಿ ಕಣ ಕೆಳಗಿನಿಂದ ಮೇಲಕ್ಕೆ ಹೋಗಿದೆ: ಸೀಸಕ್ಕೆ ಮೊದಲು 63, ನಂತರ 23 ಎಂ.ಇ.ವಿ. ದಿಕ್ಕು ತಿಳಿದ ಕೂಡಲೇ ಬಾಗಿದ ಬದಿಯಿಂದ ವಿದ್ಯುದಂಶ ಧನ ಎಂದು ಗೊತ್ತಾಯಿತು. ಹಾಗಾದರೆ ಪ್ರೋಟಾನ್ ಇರಬಹುದೇ? ಅಷ್ಟು ಬಾಗಿದ ಪ್ರೋಟಾನ್ ಅರ್ಧ ಸೆಂಟಿಮೀಟರ್‌ನಲ್ಲಿ ನಿಂತುಹೋಗಬೇಕಿತ್ತು, ಈ ಗೆರೆ ಐದು ಸೆಂಟಿಮೀಟರ್ ದಾಟಿತ್ತು. ಉಳಿದದ್ದು ಒಂದೇ ಉತ್ತರ, ಧನ ವಿದ್ಯುದಂಶದ ಎಲೆಕ್ಟ್ರಾನ್. ಪಾಸಿಟ್ರಾನ್ ಸಿಕ್ಕಿದ್ದು ಹೀಗೆ, ಉಳಿದ ಸಾಧ್ಯತೆಗಳನ್ನು ಒಂದೊಂದಾಗಿ ಹೊರಗೆ ಕಳಿಸಿ.

ಮ್ಯೂಯಾನ್ ಎಂದು ಧೈರ್ಯವಾಗಿ ಹೇಳಲು

ಎರಡು ಅಗ್ಗದ ನಳಿಗೆಗಳನ್ನು ಒಂದರ ಮೇಲೊಂದು, ಐದಾರು ಸೆಂಟಿಮೀಟರ್ ಅಂತರದಲ್ಲಿ ಅಡ್ಡ ಮಲಗಿಸಿ. ನಡುವೆ ಎರಡು ಸೆಂಟಿಮೀಟರ್ ದಪ್ಪದ ಬೀಡುಕಬ್ಬಿಣದ ತುಂಡು ಇಡಿ, ಬೆಳಗಾವಿಯ ಫೌಂಡ್ರಿಗಳ ನಡುವೆ ಇದಕ್ಕೆ ಬರವಿಲ್ಲ. ಮಣ್ಣಿನ, ಗೋಡೆಯ ಬೀಟಾ ಎಲೆಕ್ಟ್ರಾನ್‌ಗಳಿಗೆ ಆ ಕಬ್ಬಿಣ ದಾಟುವ ಶಕ್ತಿ ಇಲ್ಲ. ಮ್ಯೂಯಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ಎರಡೂ ನಳಿಗೆಗಳ ಪಲ್ಸ್‌ಗಳನ್ನು 100 ಮೈಕ್ರೋಸೆಕೆಂಡ್ ಅಗಲಕ್ಕೆ ತಂದು, 7408 ಎಂಬ ಆ್ಯಂಡ್ ಗೇಟ್ ಐ.ಸಿ.ಗೆ ಕೊಡಿ. ಎರಡೂ ಒಟ್ಟಿಗೆ ಕೂಗಿದಾಗ ಮಾತ್ರ ಎಣಿಸಿ. 1929ರಲ್ಲಿ ಜರ್ಮನಿಯ ಭೌತವಿಜ್ಞಾನಿಗಳಾದ ಬೋಟೆ ಮತ್ತು ಕೋಲ್‌ಹೋರ್ಸ್ಟರ್ ಇದೇ ಉಪಾಯದಿಂದ ಕಾಸ್ಮಿಕ್ ಕಿರಣಗಳಲ್ಲಿ ತೂರಿಹೋಗುವ ಕಣಗಳಿವೆ ಎಂದು ತೋರಿಸಿದರು.

ಕಾಕತಾಳೀಯವಾಗಿ ಎರಡೂ ಕೂಗಿದರೆ? ಅದಕ್ಕೂ ಲೆಕ್ಕವಿದೆ: ಎರಡು ನಳಿಗೆಗಳ ಎಣಿಕೆ ದರಗಳ ಗುಣಲಬ್ಧವನ್ನು ಪಲ್ಸ್ ಅಗಲದ ಎರಡು ಪಟ್ಟಿನಿಂದ ಗುಣಿಸಿ. ಪ್ರತಿಯೊಂದೂ ನಿಮಿಷಕ್ಕೆ 30 ಎಣಿಸುತ್ತಿದ್ದರೆ ಇಂಥ ಸುಳ್ಳು ಸಾಕ್ಷಿ ಐದಾರು ಗಂಟೆಗೆ ಒಂದು. ಸಮುದ್ರ ಮಟ್ಟದಲ್ಲಿ ಮ್ಯೂಯಾನ್‌ಗಳು ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು ಇಳಿಯುತ್ತವೆ, ಹಾಗಾಗಿ ನಿಜವಾದವು ಸುಳ್ಳನ್ನು ಸುಲಭವಾಗಿ ಮೀರಿಸುತ್ತವೆ.

ಕೊನೆಯ ಪರೀಕ್ಷೆ, ಓರೆ ಮಾಡುವುದು. ಜೋಡಿಯನ್ನು ನೆಟ್ಟಗಿನಿಂದ 60 ಡಿಗ್ರಿ ವಾಲಿಸಿದರೆ ಎಣಿಕೆ ಕಾಲುಭಾಗದ ಹತ್ತಿರಕ್ಕೆ ಇಳಿಯಬೇಕು. ನಳಿಗೆಗಳು ಹತ್ತಿರವಿದ್ದಷ್ಟೂ ಈ ಲೆಕ್ಕ ಮಸುಕಾಗುತ್ತದೆ, ಗಾಬರಿ ಬೇಡ. ಗೋಡೆಯಿಂದ ಬರುವ ವಿಕಿರಣಕ್ಕೆ ಆಕಾಶದ ದಿಕ್ಕಿನ ಮೇಲೆ ಇಂಥ ಮೋಹ ಇರುವುದಿಲ್ಲ.

ವಿಜಯಪುರದವರಿಗೆ ಒಂದು ಆಸೆ ಹುಟ್ಟಬಹುದು, ಗೋಳಗುಮ್ಮಟದ ಒಳಗೂ ಹೊರಗೂ ಎಣಿಸಿ ನೋಡೋಣ ಎಂದು. ಸುಮಾರು ಮೂರು ಮೀಟರ್ ದಪ್ಪದ ಇಟ್ಟಿಗೆ-ಗಾರೆಯ ಗುಮ್ಮಟ ದಾಟಲು ಮ್ಯೂಯಾನ್ ಸುಮಾರು 1,000 ಎಂ.ಇ.ವಿ. ತೆರಬೇಕು. ಕಡಿಮೆ ಶಕ್ತಿಯವು ಅಲ್ಲೇ ನಿಲ್ಲುತ್ತವೆ, ಉಳಿದವು ಇಳಿಯುತ್ತವೆ. ಹಲವು ಗಂಟೆಗಳ ಎಣಿಕೆ ಬೇಕು, ಪುರಾತತ್ವ ಇಲಾಖೆಯ ಲಿಖಿತ ಅನುಮತಿಯೂ ಬೇಕು. ಬೀಪ್ ಶಬ್ದವನ್ನಂತೂ ಮೊದಲೇ ಬಂದ್ ಮಾಡಿ, ಇಲ್ಲದಿದ್ದರೆ ಒಂದೊಂದು ಮ್ಯೂಯಾನ್ ಏಳೇಳು ಸಲ ಕೇಳಿಸೀತು. ಕಲ್ಲಿನ ಹೊದಿಕೆಯನ್ನು ಇನ್ನೂ ದೂರ ಕೊಂಡೊಯ್ದವರು ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಮ್ಯೂಯಾನ್‌ಗಳ ಗದ್ದಲ ಬಹುತೇಕ ಅಡಗಿದ ಮೇಲೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ವಿದ್ಯುದಂಶವಿಲ್ಲದ, ಭೂಮಿಯನ್ನೇ ತೂರಿಹೋಗಬಲ್ಲ ಕಣಗಳ) ಗುರುತನ್ನು 1965ರಲ್ಲಿ ಹಿಡಿದರು.

ಇಲ್ಲಿಂದ ಮುಂದೆ

ವಿಶ್ವವಿದ್ಯಾಲಯದ ವಿಭಾಗದಲ್ಲಿ ಸೋಡಿಯಂ ಅಯೊಡೈಡ್ ಡಿಟೆಕ್ಟರ್ (ಗಾಮಾ ಬಡಿದಾಗ ಮಿನುಗುವ ಹರಳು) ಇದ್ದರೆ ಅದೇ ಪೊಟ್ಯಾಷನ್ನು ಒಂದು ಡಬ್ಬಿಯಲ್ಲಿ ತುಂಬಿ ಅದರ ಮುಂದೆ ರಾತ್ರಿಯಿಡೀ ಇಡಿ. ಈಗ ರಾಶಿ ಹಾಕಬಹುದು, ಗಾಮಾ ಆಳದಿಂದಲೂ ಹೊರಬರುತ್ತದೆ. ಜಿ.ಎಂ. ನಳಿಗೆಯಂತಲ್ಲದೆ ಇಲ್ಲಿ ಪಲ್ಸ್‌ನ ಎತ್ತರ ಕಣದ ಶಕ್ತಿಗೆ ಅನುಗುಣವಾಗಿರುತ್ತದೆ. 1.46 ಎಂ.ಇ.ವಿ. ಜಾಗದಲ್ಲಿ ಶಿಖರವೊಂದು ಎದ್ದರೆ ತಗಡುಗಳು ಹೇಳಿದ ಕಥೆಗೆ ಪೊಟ್ಯಾಸಿಯಂ-40ರ ರುಜು ಬಿದ್ದಂತೆ.

ಮುಂಬೈ ಮತ್ತು ದೆಹಲಿಯ ಪೆಲೆಟ್ರಾನ್ ವೇಗವರ್ಧಕಗಳಲ್ಲೂ ಕೇಳುವ ಪ್ರಶ್ನೆ ಇದೇ, ಸಾಮಾನು ಮಾತ್ರ ಬೇರೆ. ತೆಳು ಸಿಲಿಕಾನ್ ಹಾಳೆಯೊಂದನ್ನು ಮುಂದೆ, ದಪ್ಪದ್ದನ್ನು ಹಿಂದೆ ಇಡುತ್ತಾರೆ. ಕಣ ತೆಳು ಹಾಳೆಯಲ್ಲಿ ಸ್ವಲ್ಪ ಶಕ್ತಿ ಬಿಟ್ಟು, ಉಳಿದದ್ದನ್ನು ದಪ್ಪದರಲ್ಲಿ ಸುರಿದು ನಿಲ್ಲುತ್ತದೆ. ಮೊದಲ ನಷ್ಟವು ಹೆಚ್ಚೂಕಡಿಮೆ ಕಣದ ದ್ರವ್ಯರಾಶಿಗೆ ಮತ್ತು ವಿದ್ಯುದಂಶದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ, ಶಕ್ತಿಗೆ ವಿಲೋಮವಾಗಿ ಇಳಿಯುತ್ತದೆ. ಎರಡನ್ನೂ ಗ್ರಾಫ್‌ನಲ್ಲಿ ಎದುರುಬದುರು ಇಟ್ಟರೆ ಪ್ರೋಟಾನ್, ಹೈಡ್ರೋಜನ್‌ನ ಭಾರದ ನ್ಯೂಕ್ಲಿಯಸ್‌ಗಳಾದ ಡ್ಯೂಟೆರಾನ್, ಟ್ರೈಟಾನ್, ಮತ್ತು ಆಲ್ಫಾ ಬೇರೆ ಬೇರೆ ಬಾಗಿದ ಪಟ್ಟಿಗಳಾಗಿ ನಿಲ್ಲುತ್ತವೆ. ನಿಮ್ಮ ಕಾಗದ ಮತ್ತು ತಗಡು ಮಾಡಿದ ಕೆಲಸವೇ ಇದು, ಒಂದೊಂದು ಕಣಕ್ಕೂ ಪ್ರತ್ಯೇಕವಾಗಿ.

ನ್ಯೂಟ್ರಾನ್ ಬಗ್ಗೆ ಕೇಳುವವರಿಗೆ: ಅದಕ್ಕೆ ವಿದ್ಯುದಂಶವಿಲ್ಲ, ಅಯಾನುಗಳ ಹಾದಿ ಬಿಡುವುದಿಲ್ಲ, ಸಾಮಾನ್ಯ ಜಿ.ಎಂ. ನಳಿಗೆ ಅದನ್ನು ಗಮನಿಸುವುದೇ ಇಲ್ಲ. ಬೋರಾನ್ ಅಥವಾ ಹೀಲಿಯಂ-3 ತುಂಬಿದ ನಳಿಗೆಯಲ್ಲಿ ಅದು ನ್ಯೂಕ್ಲಿಯಸ್ ಒಂದನ್ನು ಒಡೆದು, ಆ ಚೂರುಗಳು ಅಯಾನು ಬಿಟ್ಟಾಗಲೇ ಪತ್ತೆ. ನ್ಯೂಟ್ರಾನ್ ಆಕರ ಮನೆಯಲ್ಲಾಗಲಿ ಪರವಾನಗಿ ಇಲ್ಲದ ಕಾಲೇಜಿನಲ್ಲಾಗಲಿ ಇಟ್ಟುಕೊಳ್ಳುವ ವಸ್ತುವಲ್ಲ. ಆ ಪ್ರಯೋಗಕ್ಕೆ ಪರವಾನಗಿ ಇರುವ ಪ್ರಯೋಗಾಲಯಕ್ಕೇ, ಮೇಷ್ಟ್ರ ಜೊತೆಗೆ, ಮೊದಲೇ ಪತ್ರ ಬರೆದು ಹೋಗಿ.